ಸುದ್ದಿ ತಪ್ಪಿದರೆ ದೂರು ಯಾರಿಗೆ?

2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಬಿತ್ತು. ಕೊರೊನಾ ಮೊದಲ ಅಲೆಯ ದಿನಗಳಲ್ಲಿ ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯ ಕುರಿತು ಈ ವಾಹಿನಿಗಳು ಬಿತ್ತರಿಸಿದ ಕಾರ್ಯಕ್ರಮಗಳ ಮೇಲೆ ಬೆಂಗಳೂರಿನ ನಾಗರಿಕರ ಗುಂಪೊಂದು ದೂರು ಕೊಟ್ಟಿತ್ತು. ದಂಡ ಹಾಕಿದ್ದು ಸುದ್ದಿ ವಾಹಿನಿಗಳೇ ಕಟ್ಟಿಕೊಂಡ ಪ್ರಾಧಿಕಾರ; ಆಗ ಅದರ ಅಧ್ಯಕ್ಷರು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಕೆ. ಸಿಕ್ರಿ. ನ್ಯೂಸ್18 ಕನ್ನಡ ಪರದೆಯ ಮೇಲೆಯೇ ಕ್ಷಮೆ ಕೇಳಬೇಕೆಂಬ ಆದೇಶವೂ ಬಂತು.

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಗಡಿ ಊರು ಹಿರೋಳ್ಳಿಯಲ್ಲಿ ಕೂತ ವೀಕ್ಷಕನಿಗೂ ಇಂಥ ದೂರು ಕೊಡುವ ಹಕ್ಕಿದೆ. ವಕೀಲರು ಬೇಕಿಲ್ಲ, ಆದರೆ ತಡಮಾಡುವಂತಿಲ್ಲ.

ಟಿವಿಯಾದರೆ ಮೊದಲು ವಾಹಿನಿಗೇ ಬರೆಯಬೇಕು. ದಂಡ ಹಾಕಿದ ಆ ಪ್ರಾಧಿಕಾರದ ನಿಯಮದಂತೆ ಪ್ರಸಾರವಾದ 7 ದಿನದೊಳಗೆ ದೂರು ತಲುಪಬೇಕು; ದಿನಾಂಕ, ಹೊತ್ತು, ಕಾರ್ಯಕ್ರಮದ ಹೆಸರು ಬರೆದಿಟ್ಟುಕೊಂಡವರಿಗೇ ಅನುಕೂಲ. ಉತ್ತರ ಒಪ್ಪಿಗೆಯಾಗದಿದ್ದರೆ ಪ್ರಾಧಿಕಾರಕ್ಕೆ ಹೋಗಬಹುದು. ವಾಹಿನಿ ಅದರ ಸದಸ್ಯನಾಗಿರಬೇಕು ಎಂಬುದೇ ತೊಡಕು. 2021ರ ಕೇಬಲ್ ಟಿವಿ ನಿಯಮಗಳು ದೂರಿಗೆ ಮೂರು ಮೆಟ್ಟಿಲು ಮಾಡಿವೆ: ವಾಹಿನಿ, ಅದರ ಸ್ವಯಂ ನಿಯಂತ್ರಣ ಸಂಸ್ಥೆ, ಕೊನೆಗೆ ಕೇಂದ್ರ ಸರ್ಕಾರದ ಸಮಿತಿ. ವಾಹಿನಿ 15 ದಿನದೊಳಗೆ ಉತ್ತರಿಸಬೇಕು.

ಪತ್ರಿಕೆಗಳ ಮೇಲಿನ ದೂರು ಭಾರತೀಯ ಪತ್ರಿಕಾ ಮಂಡಳಿಗೆ. 1966ರಲ್ಲಿ ಶುರುವಾದ ಮಂಡಳಿಯನ್ನು ತುರ್ತು ಪರಿಸ್ಥಿತಿಯಲ್ಲಿ ಮುಚ್ಚಿದರು. 1978ರ ಕಾಯ್ದೆಯಿಂದ ಅದಕ್ಕೆ ಮರುಜೀವ ಬಂತು. ಇಲ್ಲೂ ಮೊದಲು ಸಂಪಾದಕರಿಗೆ ಬರೆಯಬೇಕು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ 2 ತಿಂಗಳೊಳಗೆ, ಉಳಿದವಕ್ಕೆ 4 ತಿಂಗಳೊಳಗೆ ಮಂಡಳಿಗೆ ದೂರು ಹೋಗಬೇಕು. ಕನ್ನಡದ ವರದಿಯಾದರೆ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಬೇಕು. ಹಳ್ಳಿಯ ಓದುಗನಿಗೆ ಎಡವುಗಲ್ಲು ಇದೇ.

ತಪ್ಪು ರುಜುವಾತಾದರೆ ಮಂಡಳಿ ಎಚ್ಚರಿಸಬಹುದು, ಛೀಮಾರಿ ಹಾಕಬಹುದು. ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ. ವಾಹಿನಿಗಳ ಪ್ರಾಧಿಕಾರಕ್ಕೆ ಆ ಅಧಿಕಾರವಿದ್ದರೂ 2023ರ ವೇಳೆಗೆ ಮಿತಿ 1 ಲಕ್ಷ ರೂಪಾಯಿ ಇತ್ತು. ಇಷ್ಟು ಸಣ್ಣ ಮೊತ್ತಕ್ಕೆ ವಾಹಿನಿಗಳು ಅಂಜುತ್ತವೆಯೇ ಎಂದು ಆ ವರ್ಷ ಸುಪ್ರೀಂ ಕೋರ್ಟೇ ಕೇಳಿತ್ತು.

ಊರ ಕೇಬಲ್‌ನವರ ಸ್ಥಳೀಯ ವಾಹಿನಿಯಲ್ಲಿ ಕೋಮುದ್ವೇಷದ ಮಾತು ಬಂದರೆ ದೆಹಲಿಯವರೆಗೆ ಹೋಗಬೇಕಿಲ್ಲ. 1995ರ ಕೇಬಲ್ ಕಾಯ್ದೆಯಡಿ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿಗಳಿಗೆ ಅಂಥ ಪ್ರಸಾರ ತಡೆಯುವ ಅಧಿಕಾರವಿದೆ. ಹಿರೋಳ್ಳಿಯವರು ಅರ್ಜಿ ಹಿಡಿದು ಕಲಬುರಗಿಗೆ ಹೋದರೆ ಸಾಕು.