ತಂತ್ರಾಂಶದ ಐಚ್ಛಿಕ ಸೌಲಭ್ಯಗಳು ಮತ್ತು ಹೆಸರುಗಳ ಏಕರೂಪತೆ: ಕೋಲಾರದ ಶಾಸನ ಸಂಪುಟದ ಹಿನ್ನೆಲೆಯಲ್ಲಿ

ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವು ಅಂದಿನ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಅಲ್ಲಿ ಜಿಲ್ಲೆಗೆಲ್ಲ ಒಂದೇ ಸಂಖ್ಯಾ ಸರಣಿಯಿಲ್ಲ. ಪ್ರತಿಯೊಂದು ತಾಲ್ಲೂಕಿಗೂ ಒಂದರಿಂದ ಎಣಿಕೆ ಆರಂಭವಾಗುತ್ತದೆ. ಆದುದರಿಂದ ‘ಹನ್ನೆರಡನೆಯ ಶಾಸನ’ ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗದು. ಮಾಲೂರು 12 ಎಂದೋ ಮುಳಬಾಗಿಲು 12 ಎಂದೋ ಹೇಳಬೇಕು. ಬೌರಿಂಗ್‌ಪೇಟೆಯು ಬಂಗಾರಪೇಟೆಯಾಗಿದೆ, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿವೆ. ಆದರೂ ಆ ಸಂಪುಟವನ್ನು ಉಲ್ಲೇಖಿಸುವವರು ಹಳೆಯ ವಿಭಾಗವನ್ನೇ ಅನುಸರಿಸಬೇಕಾಗುತ್ತದೆ. ಒಮ್ಮೆ ಉಲ್ಲೇಖದಲ್ಲಿ ನೆಲೆಯೂರಿದ ಹೆಸರನ್ನು ಬದಲಿಸಿದರೆ ಹಿಂದಿನ ಬರೆಹಗಳೆಲ್ಲ ದಾರಿ ತಪ್ಪುತ್ತವೆ.

ಇದೇ ಬಗೆಯ ಸಮಸ್ಯೆಯು ಮುಕ್ತ ತಂತ್ರಾಂಶಗಳ ನಿರ್ಮಾಣದಲ್ಲಿ ಬೇರೊಂದು ರೂಪದಲ್ಲಿ ಕಾಣಿಸುತ್ತದೆ. ಮೂಲ ಸಂಕೇತದಿಂದ ತಂತ್ರಾಂಶವನ್ನು ಕಟ್ಟುವಾಗ ಕೆಲವು ಸೌಲಭ್ಯಗಳನ್ನು ಸೇರಿಸಬಹುದು ಅಥವಾ ಬಿಡಬಹುದು. ಈ ಆಯ್ಕೆಗಳಿಗೆ ಹೆಸರು ಕೊಡುವವರು ಆಯಾ ತಂತ್ರಾಂಶದ ಕರ್ತೃಗಳು. ಗ್ನೂ ಸಂಪ್ರದಾಯದಲ್ಲಿ ತಂತ್ರಾಂಶದ ಒಳಗಿನ ಸೌಲಭ್ಯಕ್ಕೆ ‘ಎನೇಬಲ್’ ಎಂಬ ಪೂರ್ವಪದವೂ ಹೊರಗಿನ ಗ್ರಂಥಾಲಯಕ್ಕೆ ‘ವಿತ್’ ಎಂಬ ಪೂರ್ವಪದವೂ ವಿಹಿತ. ಆಚರಣೆಯಲ್ಲಿ ಈ ಭೇದವನ್ನು ಎಲ್ಲರೂ ಪಾಲಿಸಿಲ್ಲ. ಸಿಮೇಕ್ ಬಳಸುವ ಯೋಜನೆಗಳಲ್ಲಂತೂ ‘ಯೂಸ್’, ‘ವಿತ್’, ‘ಎನೇಬಲ್’, ‘ಬಿಲ್ಡ್’ ಎಂಬ ಪೂರ್ವಪದಗಳು ಕರ್ತೃವಿನ ಇಚ್ಛಾನುಸಾರ ಬರುತ್ತವೆ.

ಕನ್ನಡದ ಮಟ್ಟಿಗೆ ಇದು ಕೇವಲ ಶಿಸ್ತಿನ ಪ್ರಶ್ನೆಯಲ್ಲ. ಯೂನಿಕೋಡ್ ಕನ್ನಡ ಪಠ್ಯವು ಸರಿಯಾಗಿ ಮೂಡಲು ಅಕ್ಷರಗಳನ್ನು ಜೋಡಿಸಿ ಒತ್ತಕ್ಷರ ರೂಪಿಸುವ ಘಟಕವು ಅಗತ್ಯ. ಹಾರ್ಫ್‌ಬಜ್ ಅಂತಹ ಒಂದು ಗ್ರಂಥಾಲಯ. ಎಸ್‌ಡಿಎಲ್ ಅಕ್ಷರ ಗ್ರಂಥಾಲಯದಲ್ಲಿ ಈ ಸೌಲಭ್ಯದ ಆಯ್ಕೆಗೆ ‘ಹಾರ್ಫ್‌ಬಜ್’ ಎಂದೇ ಹೆಸರು. ಇಮೇಜ್‌ಮ್ಯಾಜಿಕ್ ಮತ್ತು ಪೈಥಾನ್‌ನ ಪಿಲ್ಲೋ ಇವುಗಳಲ್ಲಿ ಅದು ‘ರಾಕ್ಮ್’. ಅಂದರೆ ಹಾರ್ಫ್‌ಬಜ್ ಅನ್ನು ತನ್ನೊಳಗೆ ಬಳಸಿಕೊಳ್ಳುವ ಇನ್ನೊಂದು ಗ್ರಂಥಾಲಯದ ಹೆಸರು. ಲಿಬ್ರೆಆಫೀಸಿನ ಬಳಕೆದಾರನು ಕಾಣುವುದು ‘ಸಂಕೀರ್ಣ ಪಠ್ಯ ವಿನ್ಯಾಸ’ ಎಂಬ ಅರ್ಥದ ಪದವನ್ನು. ಬೇಕಾದುದು ಒಂದೇ, ಹೆಸರು ಮೂರು.

ಪರಿಣಾಮವನ್ನು ಕೋಲಾರ ಜಿಲ್ಲೆಯ ನಕ್ಷೆಯೊಂದರಲ್ಲಿ ಊಹಿಸಿಕೊಳ್ಳಬಹುದು. ರಾಕ್ಮ್ ದೊರೆಯದಿದ್ದರೆ ಪಿಲ್ಲೋ ಸಾಮಾನ್ಯ ಬಳಕೆಯಲ್ಲಿ ಯಾವ ಎಚ್ಚರಿಕೆಯನ್ನೂ ಕೊಡದೆ ಸರಳ ವಿನ್ಯಾಸಕ್ಕೆ ಇಳಿಯುತ್ತದೆ. ಆಗ ‘ಮಾಲೂರು’ ಹೇಗೋ ಓದುವಂತಿರುತ್ತದೆ. ‘ಶ್ರೀನಿವಾಸಪುರ’ದ ಮೊದಲಕ್ಷರವು ಶಕಾರ, ವಿರಾಮಚಿಹ್ನೆ, ರೇಫೆ, ದೀರ್ಘ ಎಂದು ಬಿಡಿಬಿಡಿಯಾಗಿ ಬೀಳುತ್ತದೆ. ಕನ್ನಡ ಬಲ್ಲವರು ನೋಡುವವರೆಗೆ ದೋಷ ಪತ್ತೆಯಾಗುವುದಿಲ್ಲ. ಒಂದು ಗಣಕದಲ್ಲಿ ಗ್ರಂಥಾಲಯ ಇದ್ದು ಮತ್ತೊಂದರಲ್ಲಿ ಇಲ್ಲದಿದ್ದರೆ, ಒಂದೇ ಕಡತದಿಂದ ಎರಡು ಬಗೆಯ ನಕ್ಷೆಗಳು ಹೊರಬರುತ್ತವೆ. ಶಾಸನಪಾಠಗಳನ್ನು ಚಿತ್ರರೂಪದಲ್ಲಿ ಸಂಗ್ರಹಿಸುವ ಸಂಸ್ಥೆಗಳಿಗೆ ಇದು ಸಣ್ಣ ನಷ್ಟವಲ್ಲ.

ಜೆಂಟೂ ಲಿನಕ್ಸ್ ಈ ಗೊಂದಲಕ್ಕೆ ಹುಡುಕಿದ ಪರಿಹಾರ ಪರಿಶೀಲನಾರ್ಹ. ಅಲ್ಲಿ ಆಯ್ಕೆಗಳಿಗೆ ‘ಯೂಸ್ ಫ್ಲ್ಯಾಗ್’ ಎಂದು ಹೆಸರು. ಮೂಲ ಕರ್ತೃ ಏನೇ ಕರೆದಿರಲಿ, ಪೊಟ್ಟಣ ಸಿದ್ಧಪಡಿಸುವವನು ಅದನ್ನು ಸಾಮಾನ್ಯ ಹೆಸರಿಗೆ ತಂದು ಜೋಡಿಸುತ್ತಾನೆ. ಹೆಸರುಗಳಲ್ಲಿ ಎರಡು ವರ್ಗ: ಎಲ್ಲ ಪೊಟ್ಟಣಗಳಿಗೂ ಒಂದೇ ವಿವರಣೆಯುಳ್ಳ ಸಾರ್ವತ್ರಿಕ ಹೆಸರು ಮತ್ತು ಆಯಾ ಪೊಟ್ಟಣಕ್ಕೆ ಸೀಮಿತವಾದ ಸ್ಥಳೀಯ ಹೆಸರು. ಐದು ಅಥವಾ ಅದಕ್ಕಿಂತ ಹೆಚ್ಚು ಪೊಟ್ಟಣಗಳಲ್ಲಿ ಒಂದೇ ಅರ್ಥದಲ್ಲಿ ಬಳಕೆಯಾದ ಹೆಸರು ಸಾರ್ವತ್ರಿಕವಾಗಲು ಅರ್ಹ. ಸ್ಥಳೀಯ ಹೆಸರು ರೈಸ್ ಅವರ ತಾಲ್ಲೂಕು ಸಂಖ್ಯೆಯಂತೆ. ಪೊಟ್ಟಣದ ಹೆಸರಿಲ್ಲದೆ ಅದಕ್ಕೆ ಅರ್ಥವಿಲ್ಲ. ನಿಷೇಧಾರ್ಥಕ ಹೆಸರುಗಳನ್ನು ಅಲ್ಲಿ ಪ್ರೋತ್ಸಾಹಿಸುವುದಿಲ್ಲ. ‘ಇಲ್ಲ’ ಎಂಬುದನ್ನು ‘ಬೇಡ’ ಎನ್ನುವ ಅವಸ್ಥೆ ಓದುಗನಿಗೆ ಬರಬಾರದಷ್ಟೆ.

ಭಾಷೆಯ ಆಯ್ಕೆಯಲ್ಲಿ ಇನ್ನೊಂದು ತೊಡಕು ಎದುರಾಯಿತು. ಬೇಕಾದ ಭಾಷೆಗಳನ್ನು ಸೂಚಿಸಲು ಜೆಂಟೂ ‘ಲಿಂಗ್ವಾಸ್’ ಎಂಬ ಚರವನ್ನು ಬಳಸುತ್ತಿತ್ತು. ಅದೇ ಹೆಸರಿನ ಚರವನ್ನು ಗೆಟ್‌ಟೆಕ್ಸ್ಟ್ ಆಧಾರಿತ ನಿರ್ಮಾಣ ವ್ಯವಸ್ಥೆಯು ತಾನೇ ಓದಿಕೊಳ್ಳುತ್ತದೆ. ಹೀಗಾಗಿ ಪೊಟ್ಟಣದ ದಾಖಲೆಯಲ್ಲಿ ಯಾವ ಆಯ್ಕೆಯೂ ಕಾಣದಿದ್ದರೂ ಅನುವಾದಗಳು ಮೌನವಾಗಿ ಬಿಟ್ಟುಹೋಗುತ್ತಿದ್ದವು. 2016ರಲ್ಲಿ ಆ ಕಾರ್ಯಕ್ಕೆ ‘ಎಲ್10ಎನ್’ ಎಂಬ ಪ್ರತ್ಯೇಕ ಹೆಸರನ್ನು ತಂದು ಇವೆರಡನ್ನೂ ಬೇರ್ಪಡಿಸಲಾಯಿತು. ಒಂದೇ ವಸ್ತುವಿಗೆ ಹಲವು ಹೆಸರಿರುವುದಕ್ಕಿಂತ, ಎರಡು ವಸ್ತುಗಳಿಗೆ ಒಂದೇ ಹೆಸರಿರುವುದು ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು ಹುಡುಕಾಟವನ್ನು ಹೆಚ್ಚಿಸುತ್ತದೆ, ಎರಡನೆಯದು ಹುಡುಕಬೇಕೆಂಬ ಸಂಶಯವನ್ನೇ ಹುಟ್ಟಿಸುವುದಿಲ್ಲ.

ಹೆಸರು ಹಲವಾದರೂ ಕ್ರಮ ಸಾಧ್ಯವೆಂಬುದಕ್ಕೆ ಕನ್ನಡವೇ ನಿದರ್ಶನ. ಭಾಷಾ ಸಂಕೇತಗಳ ಎರಡಕ್ಷರದ ಪಟ್ಟಿಯಲ್ಲಿ ಅದು ‘ಕೆಎನ್’. ಮೂರಕ್ಷರದ ಪಟ್ಟಿಯಲ್ಲಿ ‘ಕೆಎಎನ್’. ಲಿಪಿಗಳ ಪಟ್ಟಿಯಲ್ಲಿ ‘ಕೆಎನ್‌ಡಿಎ’. ಓಪನ್‌ಟೈಪ್ ಅಕ್ಷರಗಳ ಹೊಸ ನಿರ್ದೇಶನದಲ್ಲಿ ‘ಕೆಎನ್‌ಡಿ2’. ಅಕ್ಷರ ಗುರುತಿಸುವ ಟೆಸರಾಕ್ಟ್ ಮೂರಕ್ಷರದ ರೂಪವನ್ನು ಬಳಸಿದರೆ ಲಿನಕ್ಸಿನ ಸ್ಥಳೀಯ ವಿನ್ಯಾಸವು ಎರಡಕ್ಷರದ್ದನ್ನು ಬಳಸುತ್ತದೆ. ಪ್ರತಿಯೊಂದಕ್ಕೂ ಪ್ರಕಟಿತ ಪಟ್ಟಿಯೊಂದು ಆಧಾರವಾಗಿರುವುದರಿಂದ ಒಂದರಿಂದ ಮತ್ತೊಂದಕ್ಕೆ ಹೋಗುವ ದಾರಿ ಸ್ಪಷ್ಟವಾಗಿದೆ. ಸೌಲಭ್ಯಗಳ ಹೆಸರುಗಳಿಗೆ ಇಂತಹ ಸರ್ವಸಮ್ಮತ ಪಟ್ಟಿಯಿಲ್ಲ. ಜೆಂಟೂ, ಫ್ರೀಬಿಎಸ್‌ಡಿ ಮೊದಲಾದವು ತಮ್ಮ ತಮ್ಮ ಮಿತಿಯಲ್ಲಿ ಪಟ್ಟಿಗಳನ್ನು ಇಟ್ಟುಕೊಂಡಿವೆ. 2018ರಲ್ಲಿ ಮೆಸಾನ್ ವ್ಯವಸ್ಥೆಯು ಆಯ್ಕೆಯ ಮೌಲ್ಯಗಳನ್ನು ‘ಇದೆ’, ‘ಇಲ್ಲ’, ‘ತಾನಾಗಿ ನಿರ್ಧರಿಸು’ ಎಂಬ ಮೂರಕ್ಕೆ ಕ್ರಮಗೊಳಿಸಿತು. ಆಯ್ಕೆಗಳ ಹೆಸರನ್ನು ಮಾತ್ರ ಕರ್ತೃಗಳಿಗೇ ಬಿಟ್ಟಿತು.

ಕನ್ನಡ ಸಾಮಗ್ರಿಯನ್ನು ಗಣಕೀಕರಿಸುವ ಗ್ರಂಥಾಲಯಗಳು ತಮ್ಮ ತಂತ್ರಾಂಶದ ಆವೃತ್ತಿಯ ಜೊತೆಗೆ, ಅದನ್ನು ಯಾವ ಆಯ್ಕೆಗಳೊಂದಿಗೆ ಕಟ್ಟಲಾಗಿದೆ ಎಂಬುದನ್ನೂ ಸೂಚಿಯಲ್ಲಿ ದಾಖಲಿಸುವುದು ಒಳಿತು. ಪಿಲ್ಲೋದಲ್ಲಿ ರಾಕ್ಮ್ ಇದೆಯೇ ಎಂದು ಕೇಳಿ ತಿಳಿಯಲು ಒಂದೇ ಸಾಲಿನ ಆದೇಶ ಸಾಕು.