ಮನೆ ಬೇಕಾಗಿದೆ!

“ಮನೆ ಬೇಕಾಗಿದೆ. ಅಭ್ಯರ್ಥಿ ಒಬ್ಬಳೇ. ವಯಸ್ಸು ಸುಮಾರು ಮೂರು ವರ್ಷ. ಮೈಬಣ್ಣ ಕಪ್ಪು, ಸ್ವಭಾವ ಮೃದು, ಕಾಲುಗಳು ಮೂರು. ಬಾಡಿಗೆ ಕೊಡುವ ಶಕ್ತಿಯಿಲ್ಲ.”

ಇಂಥ ಜಾಹೀರಾತನ್ನು ಓದಿದವರು ನಗುವುದು ಸಹಜ. ಆದರೆ ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದ ನಾನು ಈಗ ಬರೆಯುತ್ತಿರುವುದು ಇಂಥ ಜಾಹೀರಾತುಗಳನ್ನೇ. ಬೆಂಗಳೂರಿನ ನಮ್ಮ ಬಡಾವಣೆಯ ಐದು ಮನೆಯವರು ಸೇರಿ ಬೀದಿಪಾಲಾದ ನಾಯಿಗಳನ್ನು ಎತ್ತಿ ತಂದು, ಗುಣಪಡಿಸಿ, ಒಳ್ಳೆಯ ಮನೆ ಹುಡುಕಿಕೊಡುವ ಕೆಲಸವನ್ನು ಕೈಗೊಂಡಿದ್ದೇವೆ. ನಮಗೆ ಕಚೇರಿಯಿಲ್ಲ, ಫಲಕವಿಲ್ಲ, ಅಧ್ಯಕ್ಷರೂ ಇಲ್ಲ. ಇರುವುದು ಒಂದು ಲೆಕ್ಕದ ಪುಸ್ತಕ. ಅದು ನನ್ನ ವಶದಲ್ಲಿದೆ.

ಒಂದು ರಾತ್ರಿಯ ಅತಿಥಿ

ಇದೆಲ್ಲ ಆರಂಭವಾದದ್ದು ಒಂದು ಮಳೆಗಾಲದ ಸಂಜೆ. ತರಕಾರಿ ತರಲು ಹೋಗಿದ್ದ ನನ್ನ ಮನೆಯಾಕೆ ತೊಯ್ದು ತೊಪ್ಪೆಯಾಗಿ ಹಿಂತಿರುಗಿದಳು. ಚೀಲದಲ್ಲಿ ಹುರುಳಿಕಾಯಿಯ ಮೇಲೆ ಮೂಗು ಚಾಚಿ ಒಂದು ಕಂದುಬಣ್ಣದ ಮರಿ ನಡುಗುತ್ತಿತ್ತು.

“ಇವತ್ತು ಒಂದು ರಾತ್ರಿ ಮಾತ್ರ, ರೀ,” ಎಂದಳು.

ಆ ‘ಒಂದು ರಾತ್ರಿ’ ಇನ್ನೂ ಮುಗಿದಿಲ್ಲ. ಮರಿಯು ಈಗ ನನ್ನ ಕುರ್ಚಿಯ ಕೆಳಗೆ ಮಲಗಿ ಗೊರಕೆ ಹೊಡೆಯುತ್ತಿದೆ. ಅದು ನಮ್ಮದಾಯಿತು, ಚಿಂತೆಯಿಲ್ಲ. ಆದರೆ ಸುದ್ದಿ ಬೀದಿಯಲ್ಲೆಲ್ಲ ಹರಡಿತು. “ಆ ಮನೆಯವರು ನಾಯಿ ತೆಗೆದುಕೊಳ್ಳುತ್ತಾರಂತೆ” ಎಂಬ ಮಾತು ಕಿವಿಯಿಂದ ಕಿವಿಗೆ ಹೋಗಿ, ಒಂದು ಬೆಳಗ್ಗೆ ಹಾಲು ತರಲು ಬಾಗಿಲು ತೆರೆದರೆ ಹೊಸಿಲ ಬಳಿ ಒಂದು ರಟ್ಟಿನ ಪೆಟ್ಟಿಗೆ! ಒಳಗೆ ಕಣ್ಣು ತೆರೆಯದ ಮೂರು ಮರಿಗಳು. ಅಂದೇ ನೆರೆಹೊರೆಯ ನಾಲ್ಕು ಮನೆಗಳ ಬಾಗಿಲು ತಟ್ಟಿದೆವು. ನಮ್ಮ ಕೂಟ ಹುಟ್ಟಿದ್ದು ಹೀಗೆ.

ಕಲ್ಲಿನಲ್ಲಿ ಉಳಿದ ಕಾಳಿ

ನಾಯಿಯ ಮೇಲಿನ ಮಮತೆ ಪಟ್ಟಣದವರ ಷೋಕಿ, ಪರದೇಶದ ಅನುಕರಣೆ ಎನ್ನುವವರುಂಟು. ಅವರು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೆನೆಯಬೇಕು. ಕ್ರಿ.ಶ. ೯೪೯-೫೦ರ ಕಾಲದ ಆ ವೀರಗಲ್ಲು ಮಣಲೆರನೆಂಬ ವೀರನ ಕಥೆಯನ್ನು ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ಅವನು ತೋರಿದ ಪರಾಕ್ರಮಕ್ಕೆ ಮೆಚ್ಚಿ ಒಡೆಯನು “ಬೇಕಾದುದನ್ನು ಕೇಳು” ಎಂದಾಗ, ಅವನು ಕೇಳಿದ್ದು ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟರು. ಸಾವಿರ ವರ್ಷಗಳ ಹಿಂದೆಯೇ ಕನ್ನಡಿಗನೊಬ್ಬ ನಾಯಿಗಾಗಿ ಹೀಗೆ ಕಣ್ಣೀರಿಟ್ಟಿದ್ದನೆಂದ ಮೇಲೆ ನಾವು ನಾಚಬೇಕಾದುದೇನು?

ಇನ್ನು ಅನಾಥ ನಾಯಿಗಳಿಗೆ ಆಶ್ರಯ ಕೊಡುವ ಸಂಸ್ಥೆಗಳ ಮಾತು. ೧೮೬೦ರಲ್ಲಿ ಲಂಡನ್ನಿನ ಹಾಲೊವೇ ಎಂಬಲ್ಲಿ ಮೇರಿ ಟೀಲ್ಬಿ ಎಂಬ ಮಹಿಳೆ ಹಸಿದ ನಾಯಿಗಳಿಗಾಗಿ ಒಂದು ಆಶ್ರಯವನ್ನು ತೆರೆದಳು. ಪತ್ರಿಕೆಗಳು ಆಕೆಯನ್ನು ಗೇಲಿ ಮಾಡಿದವು. ೧೮೬೨ರಲ್ಲಿ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ಪತ್ರಿಕೆ ಮಾತ್ರ ಆಕೆಯ ಕೆಲಸವನ್ನು ಕೊಂಡಾಡಿತು. ೧೮೭೧ರಲ್ಲಿ ಬ್ಯಾಟರ್ಸೀಗೆ ಬಂದ ಆ ಆಶ್ರಯ ಇಂದಿಗೂ ಜಗತ್ಪ್ರಸಿದ್ಧ. ನಮ್ಮ ದೇಶದಲ್ಲಿ ನೃತ್ಯಕಲೆಗೆ ಹೆಸರಾದ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಪಟ್ಟು ಹಿಡಿದ ಫಲವಾಗಿ ೧೯೬೦ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂದಿತು. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹಸಿವು ನೀರಡಿಕೆಗಳಿಗೆ ಗುರಿಯಾಗುವಂತೆ ತೊರೆದು ಹೋಗುವುದು ಆ ಕಾಯಿದೆಯ ಪ್ರಕಾರ ಅಪರಾಧ. ಪೆಟ್ಟಿಗೆಯನ್ನು ಹೊಸಿಲಲ್ಲಿಟ್ಟು ಓಡುವವರಿಗೆ ಈ ಸಂಗತಿ ತಿಳಿದಿದ್ದರೆ ಒಳ್ಳೆಯದಿತ್ತು!

ಐದು ಮನೆಗಳ ಸಂಸಾರ

ನಮ್ಮ ವ್ಯವಸ್ಥೆ ಸರಳವಾದುದು. ಪ್ರತಿ ಮನೆಗೂ ಒಂದು ನಾಯಿ. ಒಂದೇ ತಾಯಿಯ ಮರಿಗಳಾದರೆ ಒಟ್ಟಿಗೆ ಒಂದು ಮನೆಗೆ. ಒಬ್ಬರ ಮನೆಯ ಬಚ್ಚಲ ಪಕ್ಕದ ಕೋಣೆ, ಇನ್ನೊಬ್ಬರ ತಾರಸಿ, ಮತ್ತೊಬ್ಬರ ಕಾರಿಲ್ಲದ ಕಾರುಖಾನೆ—ಇವೇ ನಮ್ಮ ಆಶ್ರಮಗಳು. ಹೊಸದಾಗಿ ಬಂದ ನಾಯಿಯನ್ನು ಎರಡು ವಾರ ಬೇರೆ ನಾಯಿಗಳಿಂದ ದೂರವಿಡಬೇಕು. ಮೊದಲ ದಿನ ಪಶುವೈದ್ಯರ ದರ್ಶನ; ಬಳಿಕ ಜಂತುಹುಳುವಿನ ಔಷಧ, ಉಣ್ಣೆ ಚಿಗಟಗಳ ನಿವಾರಣೆ. ಮರಿಗೆ ಆರರಿಂದ ಎಂಟು ವಾರವಾದಾಗ ಮೊದಲ ಲಸಿಕೆ; ಆಮೇಲೆ ಮೂರು ನಾಲ್ಕು ವಾರಗಳಿಗೊಮ್ಮೆ ಮರಳಿ ಲಸಿಕೆ; ಮೂರು ತಿಂಗಳಾದಾಗ ರೇಬೀಸಿನ ಲಸಿಕೆ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸುವುದು ಸಲ್ಲದು. ವಯಸ್ಸಿಗೆ ಬಂದ ನಾಯಿಗೆ ಸಂತಾನಹರಣ ಚಿಕಿತ್ಸೆ ಕಡ್ಡಾಯ.

ಈ ಕೊನೆಯ ಮಾತಿಗೆ ಮೂಗು ಮುರಿಯುವವರು ಬಹಳ. “ಪಾಪ, ಮೂಕಪ್ರಾಣಿ” ಎನ್ನುತ್ತಾರೆ. ಹೆಣ್ಣುನಾಯಿಯ ಗರ್ಭ ಸುಮಾರು ೬೩ ದಿನಗಳದು. ವರ್ಷಕ್ಕೆ ಎರಡು ಸಲವೂ ಈಯಬಹುದು. ಅಷ್ಟು ಮರಿಗಳಿಗೆ ಮನೆ ಎಲ್ಲಿ? ನಲ್ಲಿಯನ್ನು ತೆರೆದೇ ಇಟ್ಟು ನೆಲ ಒರೆಸಿದರೆ ನೀರು ಆರೀತೆ? ಬೀದಿನಾಯಿಗಳಿಗೆ ಸಂತಾನಹರಣ ಮಾಡಿ ಲಸಿಕೆ ಹಾಕಬೇಕೆಂಬ ಸರ್ಕಾರದ ನಿಯಮಗಳು ೨೦೦೧ರಲ್ಲಿ ಬಂದು, ೨೦೨೩ರಲ್ಲಿ ಹೊಸ ರೂಪ ಪಡೆದುದರ ಹಿಂದಿರುವುದೂ ಈ ಲೆಕ್ಕವೇ.

ನಮ್ಮ ಎದುರುಮನೆಯ ರಾಯರ ವಿಷಯವನ್ನೂ ಹೇಳಬೇಕು. ಬಾಲ್ಯದಲ್ಲಿ ನಾಯಿ ಕಚ್ಚಿ, ಅಂದಿನ ಪದ್ಧತಿಯಂತೆ ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡವರು ಅವರು. ನಮ್ಮ ಕೂಟವನ್ನು ಕಂಡು ಕಿಡಿಕಿಡಿಯಾದರು. ಅವರ ಭಯ ಸುಳ್ಳಲ್ಲ. ರೇಬೀಸ್ ತಲೆದೋರಿದ ಮೇಲೆ ಮನುಷ್ಯ ಬದುಕುವುದು ಇಲ್ಲವೆಂಬಷ್ಟು ಅಪರೂಪ. ಕಚ್ಚಿದ ಕೂಡಲೇ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಲೇಬೇಕು. ಬೀದಿನಾಯಿಗಳ ಪ್ರಶ್ನೆ ೨೦೨೫ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು ದೇಶವೆಲ್ಲ ಎರಡು ಪಕ್ಷವಾದಾಗ ರಾಯರೂ ನಾವೂ ದಿನವೂ ವಾದ ಮಾಡಿದೆವು. ಕೊನೆಗೆ ಅವರು ಒಂದು ಷರತ್ತು ಹಾಕಿದರು: ಪ್ರತಿ ನಾಯಿಯ ಲಸಿಕೆಯ ಚೀಟಿಯನ್ನೂ ತಮಗೆ ತೋರಿಸಬೇಕು. ಒಪ್ಪಿದೆವು. ಈಗ ಲೆಕ್ಕ ಬರೆಯುವವನು ನಾನಾದರೆ, ತಪಾಸಣೆ ಮಾಡುವವರು ರಾಯರು! ಒಂದು ದಿನ ತಡವಾದರೂ ಅವರ ಕೋಲು ನಮ್ಮ ಗೇಟನ್ನು ತಟ್ಟುತ್ತದೆ.

ಆರನೆಯ ಮರಿ

ಈ ಕೆಲಸದಲ್ಲಿ ಅತ್ಯಂತ ಕಠಿನವಾದುದು ಯಾವುದೆಂದು ಹಲವರು ಕೇಳುವುದುಂಟು. ಗಾಯ ತೊಳೆಯುವುದಲ್ಲ, ನಿದ್ದೆ ಕೆಡುವುದಲ್ಲ. “ಇಲ್ಲ” ಎನ್ನುವುದು. ಈ ಪಾಠಕ್ಕೆ ನಾವು ತೆತ್ತ ಶುಲ್ಕ ದೊಡ್ಡದು.

ಐದು ಮನೆಗಳೂ ತುಂಬಿದ್ದ ಒಂದು ದಿನ ಆರನೆಯ ಮರಿ ಬಂತು. ಹಿಡಿಯಷ್ಟು ದೇಹ, ಎದೆಗೂಡು ಎಣಿಸಬಹುದಾಗಿತ್ತು. “ಒಂದು ಮರಿಯಿಂದ ಏನು ಮಹಾ ಭಾರ!” ಎಂದುಕೊಂಡು, ಎರಡು ಮರಿಗಳಿದ್ದ ಮನೆಯಲ್ಲೇ ಅದನ್ನೂ ಸೇರಿಸಿದೆವು. ಎರಡು ವಾರ ದೂರವಿಡುವ ನಿಯಮವನ್ನು ಆ ಒಂದು ದಿನಕ್ಕೆ ಮರೆತೆವು. ಐದನೆಯ ದಿನ ಹೊಸ ಮರಿಗೆ ವಾಂತಿ, ರಕ್ತಭೇದಿ. ಪಾರ್ವೋ ಎಂದರು ವೈದ್ಯರು. ವಾರ ಕಳೆಯುವುದರೊಳಗೆ ಉಳಿದೆರಡಕ್ಕೂ ತಗುಲಿತು. ರಾತ್ರಿಯೆಲ್ಲ ಸಲೈನ್ ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಸರದಿಯಲ್ಲಿ ಕುಳಿತೆವು. ಮೂರರಲ್ಲಿ ಉಳಿದದ್ದು ಒಂದು.

ಔಷಧಿಗೆ ಹಣದ ಕೊರತೆಯಾಗಲಿಲ್ಲ. ಕೊರತೆಯಾದದ್ದು ಒಂದು ಕೋಣೆ. ಅಷ್ಟೇ ಅಲ್ಲ, ಪಾರ್ವೋ ರೋಗಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬ್ಲೀಚಿಂಗ್ ಪುಡಿಯಿಂದ ನೆಲ ತೊಳೆದರೂ ಅಂಗಳದ ಮಣ್ಣನ್ನು ತೊಳೆಯುವವರಾರು? ಆ ಮನೆಗೆ ಒಂದು ವರ್ಷ ಮರಿಗಳನ್ನು ಕಳಿಸಲಾಗಲಿಲ್ಲ. ಒಂದು ಹೆಚ್ಚು ಉಳಿಸಲು ಹೋಗಿ ಎರಡನ್ನು ಕಳೆದುಕೊಂಡೆವು. ಮುಂದೆ ಬರಬಹುದಾಗಿದ್ದ ಎಷ್ಟೋ ಮರಿಗಳ ಸ್ಥಾನವನ್ನೂ ಕಳೆದುಕೊಂಡೆವು. ಅಂದಿನಿಂದ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಒಂದೇ ಸಾಲು ಇದೆ: ಎಷ್ಟು ಕೋಣೆಯೋ ಅಷ್ಟೇ ನಾಯಿ.

ಹಾಗಾದರೆ ಹೊಸ ನಾಯಿಗೆ ಜಾಗ ಸಿಗುವುದು ಹೇಗೆ? ಇದ್ದುದಕ್ಕೆ ಮನೆ ಸಿಕ್ಕಿದರೆ ಮಾತ್ರ. ಆದುದರಿಂದ ನಮ್ಮ ನಿಜವಾದ ಕೆಲಸ ನಾಯಿ ಹಿಡಿಯುವುದಲ್ಲ, ಮನೆ ಹಿಡಿಯುವುದು.

ವರಪರೀಕ್ಷೆ

ನಾಯಿಗೆ ಮನೆ ನೋಡುವುದೂ ಮಗಳಿಗೆ ಗಂಡು ನೋಡುವುದೂ ಒಂದೇ. ಹೊರಗಿನ ಥಳಕಿಗೆ ಮರುಳಾದವರು ಕೆಟ್ಟರು. ನಾವೂ ಒಮ್ಮೆ ಮರುಳಾದೆವು.

ಮೊದಲ ವರ್ಷದ ಮಾತು. ದೊಡ್ಡ ಬಂಗಲೆ, ಸುತ್ತ ತೋಟ, ನಗುಮುಖದ ದಂಪತಿಗಳು. ಮಗನ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಒಂದು ಮರಿ ಬೇಕೆಂದರು. ನಾವು ಹಿಗ್ಗಿ, ಒಂದು ಪ್ರಶ್ನೆಯನ್ನೂ ಕೇಳದೆ, ಕೊರಳಿಗೆ ಕೆಂಪು ಪಟ್ಟಿ ಕಟ್ಟಿ ಕಳಿಸಿದೆವು. ಐದು ತಿಂಗಳ ತರುವಾಯ ಆ ದಾರಿಯಲ್ಲಿ ಹೋದಾಗ ಮನೆಗೆ ಬೀಗ ಬಿದ್ದಿತ್ತು. ಅವರು ಪರದೇಶಕ್ಕೆ ವರ್ಗವಾಗಿ ಹೋಗಿದ್ದರು. “ನಾಯಿಯೋ? ಕೆಲವು ದಿನ ಗೇಟಿನ ಮುಂದೆಯೇ ಕುಳಿತಿತ್ತು. ಆಮೇಲೆ ಕಾಣಲಿಲ್ಲ,” ಎಂದರು ಪಕ್ಕದವರು. ಎರಡು ವಾರ ಬೀದಿ ಬೀದಿ ಅಲೆದೆವು. ಸಿಗಲಿಲ್ಲ. ಪುಸ್ತಕದಲ್ಲಿ ಆ ಹೆಸರಿನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ನಾನು ಆ ಸಾಲನ್ನು ಹಾಗೆಯೇ ಬಿಟ್ಟಿದ್ದೇನೆ.

ಈಗ ನಾವು ಪ್ರಶ್ನೆ ಕೇಳುತ್ತೇವೆ. ಮನೆಯವರೆಲ್ಲರೂ ಒಪ್ಪಿರುವರೆ? ಬಾಡಿಗೆಯ ಮನೆಯಾದರೆ ಮಾಲೀಕರು ಏನೆನ್ನುತ್ತಾರೆ? ಹಗಲೆಲ್ಲ ನಾಯಿಯ ಬಳಿ ಯಾರಿರುತ್ತಾರೆ? ಊರಿಗೆ ಹೋಗುವಾಗ ಏನು ಮಾಡುವಿರಿ? ಹಬ್ಬದ ಪಾಯಸದ ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟು ಅದಕ್ಕೆ ವಿಷವೆಂದು ತಿಳಿದಿದೆಯೆ? ಮನೆಗೆ ಹೋಗಿ ನೋಡಿಯೇ ಕೊಡುತ್ತೇವೆ. ಹುಟ್ಟುಹಬ್ಬದ ಉಡುಗೊರೆಯಾಗಿ ಕೊಡುವುದಿಲ್ಲ. ದೀಪಾವಳಿಯ ಹಿಂದಿನ ವಾರವೂ ಕೊಡುವುದಿಲ್ಲ. ಪಟಾಕಿಯ ಸದ್ದಿಗೆ ಬೆದರಿ ಓಡಿದ ನಾಯಿಗೆ ಹೊಸ ಮನೆಯ ದಾರಿ ತಿಳಿಯದು. ಕೊಟ್ಟ ಮೇಲೂ ಹೋಗಿ ಬರುತ್ತೇವೆ. ಕಾರಣ ಏನೇ ಇರಲಿ, ಬೇಡವಾದರೆ ನಮಗೇ ಹಿಂದಿರುಗಿಸಬೇಕೆಂದು ಬರೆಸಿಕೊಳ್ಳುತ್ತೇವೆ.

ತಗಡಿನ ಮನೆ

ಲೇಖನದ ಮೊದಲಲ್ಲಿ ಹೇಳಿದ ಮೂರು ಕಾಲಿನ ಕರಿಯಳನ್ನು ವಾಚಕರು ಮರೆತಿಲ್ಲವಷ್ಟೆ? ಕಾರು ಹಾಯ್ದು ಒಂದು ಕಾಲನ್ನು ತೆಗೆಸಬೇಕಾಯಿತು. ಏಳು ತಿಂಗಳು ಆಕೆಯ ಜಾಹೀರಾತು ಬರೆದೆ. ನೋಡಲು ಬಂದವರು ಪಕ್ಕದ ಬಿಳಿಯ ಮರಿಯನ್ನು ಎತ್ತಿಕೊಂಡು ಹೋಗುತ್ತಿದ್ದರು. ಆಕೆ ಬಾಲವನ್ನು ಆಡಿಸುತ್ತ ಬಾಗಿಲವರೆಗೆ ಕುಂಟಿ ಬಂದು ನಿಲ್ಲುತ್ತಿದ್ದಳು.

ಕೊನೆಗೆ ಒಬ್ಬನು ಕೇಳಿದ. ಬೀದಿಯ ತುದಿಯಲ್ಲಿ ಏಳುತ್ತಿದ್ದ ಕಟ್ಟಡದ ಕಾವಲುಗಾರ, ಯಾದಗಿರಿ ಕಡೆಯವನು. ಹೆಂಡತಿ, ಇಬ್ಬರು ಮಕ್ಕಳೊಡನೆ ತಗಡಿನ ಶೆಡ್ಡಿನಲ್ಲಿ ವಾಸ. ಕೂಟದಲ್ಲಿ ಚರ್ಚೆಯಾಯಿತು. ಕಾಂಪೌಂಡಿಲ್ಲ, ಸ್ಥಿರವಾದ ವಿಳಾಸವಿಲ್ಲ, ಕಟ್ಟಡ ಮುಗಿದರೆ ಎಲ್ಲಿಗೋ! ನಾನೇ “ಬೇಡ” ಎಂದೆ. ನನ್ನ ಮನೆಯಾಕೆ ಮಾತ್ರ, “ಕೇಳುವುದನ್ನು ಕೇಳಿಯೇ ಬಿಡಿ, ರೀ,” ಎಂದಳು. ಕೇಳಿದೆ: “ಬೇರೆ ಊರಿಗೆ ಹೋಗುವಾಗ ಏನು ಮಾಡುತ್ತೀಯಪ್ಪ?”

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ನಾವು ಎಲ್ಲಿ ಇರ್ತೀವಿ, ಅದೂ ಅಲ್ಲೇ ಇರ್ತದ್ರೀ ಸಾಹೇಬರ,” ಎಂದ.

ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರಲಾರೆನೆಂದ ಧರ್ಮರಾಯನ ಕಥೆಯನ್ನು ಬಾಲ್ಯದಿಂದ ಕೇಳಿದ ನಮಗೆ ಆ ಉತ್ತರ ಹೊಳೆದಿರಲಿಲ್ಲ! ಕರಿಯಳು ಅವನೊಡನೆ ಹೋದಳು. ಮರುವರ್ಷ ಕಟ್ಟಡ ಮುಗಿಯಿತು. ಅವನ ಸಾಮಾನು ಹೇರಿದ ಲಾರಿ ನಮ್ಮ ಬೀದಿಯಲ್ಲಿ ಹಾದುಹೋಗುವಾಗ ಗೇಟಿನ ಬಳಿ ನಿಂತು ನೋಡಿದೆ. ಹಾಸಿಗೆಯ ಸುರುಳಿಯ ಮೇಲೆ ಇಬ್ಬರು ಮಕ್ಕಳು. ಅವರ ನಡುವೆ ಕಿವಿ ನಿಗುರಿಸಿ ಕುಳಿತ ಕರಿಯಳು. ಎದುರುಮನೆಯ ರಾಯರು ಕೈಯೆತ್ತಿ ಲಾರಿಯನ್ನು ನಿಲ್ಲಿಸಿ, “ಮುಂದಿನ ರೇಬೀಸ್ ಲಸಿಕೆ ಯುಗಾದಿಗೆ. ಮರೆಯಬೇಡ!” ಎಂದು ಗದರಿದರು. ಅವನು ಹುಟ್ಟುಹಬ್ಬದ ಉಡುಗೊರೆ ಕೇಳಿರಲಿಲ್ಲ, ಬಂಗಲೆಯೂ ಅವನಿಗಿರಲಿಲ್ಲ. ಮನೆಯೆಂದರೆ ಏನೆಂಬುದು ಅವನಿಗೆ ಗೊತ್ತಿತ್ತು.

ವಾಚಕರಲ್ಲಿ ಒಂದು ಬಿನ್ನಹ. ನೀವೆಲ್ಲರೂ ನಾಯಿ ಸಾಕಬೇಕೆಂದು ನಾನು ಹೇಳೆನು. ಸಾಕಿದರೆ ಹನ್ನೆರಡು, ಹದಿನೈದು ವರ್ಷ ಅದು ನಿಮ್ಮೊಡನೆ ಇರುವುದೆಂದು ತಿಳಿದು ಸಾಕಿರಿ. ಸಾಕಲಾಗದಿದ್ದರೆ ಮೂರು ವಾರ ಒಂದು ಕೋಣೆಯನ್ನು ಕೊಡಿ. ಅದರಿಂದ ಒಂದು ಪ್ರಾಣ ಉಳಿದೀತು. ಅದೂ ಆಗದಿದ್ದರೆ ನಿಮ್ಮ ಬೀದಿಯ ಹೆಣ್ಣುನಾಯಿಗೆ ಸಂತಾನಹರಣ ಮಾಡಿಸಲು ಒಂದು ದಿನವನ್ನು ವ್ಯಯಿಸಿ.

ಲಾರಿ ಮರೆಯಾದ ಮೇಲೆ ಒಳಗೆ ಬಂದು ಲೆಕ್ಕದ ಪುಸ್ತಕ ತೆರೆದೆ. ಕರಿಯಳ ಹೆಸರಿನ ಮುಂದೆ “ವಿಳಾಸ” ಎಂಬಲ್ಲಿ “ಅವರು ಎಲ್ಲಿರುವರೋ ಅಲ್ಲಿ” ಎಂದು ಬರೆದೆ. ರಾಯರು ತಪಾಸಣೆ ಮಾಡಿ ಏನೂ ಆಕ್ಷೇಪಿಸಲಿಲ್ಲ.