ಎಲ್ಬೆ ದಂಡೆಯ ಬಣ್ಣದ ಕಾರ್ಡು

ಜರ್ಮನಿಯ ಡ್ರೆಸ್ಡನ್ ನಗರದ ಹಳೆಯ ಬಣ್ಣದ ಪೋಸ್ಟ್‌ಕಾರ್ಡು ಕೈಗೆ ಸಿಕ್ಕರೆ ಮೊದಲು ಸೇತುವೆ ನೋಡಬೇಕು. ಎಲ್ಬೆ ನದಿಯ ಮೇಲೆ ಕಿರಿದಾದ ಕಮಾನುಗಳು ಒತ್ತೊತ್ತಾಗಿ ಸಾಲುಗಟ್ಟಿದ್ದರೆ ಆ ಚಿತ್ರ 1910ರ ಈಚಿನದಲ್ಲ. 18ನೇ ಶತಮಾನದಲ್ಲಿ ಪೊಪೆಲ್‌ಮನ್ ಎಂಬ ವಾಸ್ತುಶಿಲ್ಪಿ ರೂಪ ಕೊಟ್ಟಿದ್ದ ಆ ಆಗಸ್ಟಸ್ ಸೇತುವೆಯ ಕೆಳಗೆ ದೊಡ್ಡ ಹಡಗುಗಳು ಸಾಗುವುದು ಕಷ್ಟವಾಗಿತ್ತು. 1907ರಲ್ಲಿ ಅದನ್ನು ಕೆಡವತೊಡಗಿದರು. ಮೂರು ವರ್ಷದಲ್ಲಿ ಅಗಲ ಕಮಾನುಗಳ ಹೊಸ ಸೇತುವೆ ಎದ್ದಿತು. ಕಾರ್ಡಿನ ಹಿಂಬದಿಯೂ ಕಾಲ ಹೇಳುತ್ತದೆ. ಜರ್ಮನಿಯಲ್ಲಿ 1905ರವರೆಗೆ ಅಲ್ಲಿ ವಿಳಾಸಕ್ಕಷ್ಟೇ ಜಾಗ. ಕ್ಷೇಮಸಮಾಚಾರವನ್ನು ಚಿತ್ರದ ಅಂಚಿನಲ್ಲೋ ಆಕಾಶದ ಮೇಲೋ ಬರೆಯಬೇಕಿತ್ತು.

ಬಣ್ಣದ ಕಥೆ ಇನ್ನೂ ಸೊಗಸು. ಫೋಟೋ ತೆಗೆದದ್ದು ಕಪ್ಪು-ಬಿಳುಪಿನಲ್ಲಿ. ಅದಕ್ಕೆ ಬಣ್ಣ ತುಂಬುವ ಫೋಟೋಕ್ರೋಮ್ ವಿಧಾನವನ್ನು 1880ರ ದಶಕದಲ್ಲಿ ಜ್ಯೂರಿಕ್‌ನ ಓರೆಲ್ ಫ್ಯೂಸ್ಲಿ ಮುದ್ರಣಾಲಯದ ಹನ್ಸ್ ಯಾಕೋಬ್ ಶ್ಮಿಡ್ ರೂಪಿಸಿದ. ಸುಣ್ಣಕಲ್ಲಿನ ಹಲಗೆಗೆ ಡಾಂಬರಿನ ಜಾತಿಯ ಬಿಟುಮೆನ್ ಬಳಿದು, ಮೇಲೆ ನೆಗೆಟಿವ್ ಇಟ್ಟು ಬೆಳಕಿಗೆ ಒಡ್ಡುತ್ತಿದ್ದರು. ಬೆಳಕು ತಾಗಿದಲ್ಲಿ ಲೇಪ ಗಟ್ಟಿಯಾಗುತ್ತಿತ್ತು, ಉಳಿದದ್ದನ್ನು ಟರ್ಪೆಂಟೈನಿನಲ್ಲಿ ತೊಳೆದು ತೆಗೆಯುತ್ತಿದ್ದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದು ಚಿತ್ರಕ್ಕೆ ಕಡಿಮೆಯೆಂದರೂ ಆರು, ಅನೇಕ ಸಲ ಹತ್ತಕ್ಕೂ ಹೆಚ್ಚು. ಎಲ್ಲವೂ ಒಂದರ ಮೇಲೊಂದು ಕೂದಲೆಳೆಯಷ್ಟೂ ಕದಲದಂತೆ ಕೂರಬೇಕು. ನದಿಗೆ ಎಷ್ಟು ಹಸಿರು, ಸಂಜೆಯ ಮೋಡಕ್ಕೆ ಎಷ್ಟು ಕೆಂಪು ಎಂಬುದು ಕೊನೆಗೆ ಮುದ್ರಕರ ಕಣ್ಣಿಗೆ ಬಿಟ್ಟದ್ದು. ಈ ಕಾರ್ಡುಗಳಲ್ಲಿ ನಾನು ಮೆಚ್ಚುವುದು ಆ ಕಣ್ಣನ್ನೇ.

ನದಿಯಾಚೆಯಿಂದ ಕಾಣುವ ಇದೇ ನೋಟವನ್ನು ವೆನಿಸ್‌ನ ಬರ್ನಾರ್ಡೊ ಬೆಲ್ಲೊಟ್ಟೊ 1748ರಲ್ಲೇ ಚಿತ್ರಿಸಿದ್ದ. ಅಲ್ಲಿ ಎದ್ದು ಕಾಣುವುದು ಫ್ರೌಎನ್‌ಕಿರ್ಕೆ ಚರ್ಚಿನ ಗುಮ್ಮಟ. ಗೇಓರ್ಗ್ ಬೇರ್ ವಿನ್ಯಾಸದಲ್ಲಿ 1726ರಿಂದ 1743ರವರೆಗೆ ಕಟ್ಟಿದ ಚರ್ಚು ಅದು. ಗುಮ್ಮಟವೂ ಪೂರ್ತಿ ಮರಳುಗಲ್ಲು, ಸುಮಾರು 12,000 ಟನ್ ತೂಕ.

1945ರ ಫೆಬ್ರುವರಿ 13ರ ರಾತ್ರಿ ಬ್ರಿಟನ್ನಿನ ಬಾಂಬರ್ ವಿಮಾನಗಳು ಬಂದವು, ಬೆನ್ನಿಗೇ ಅಮೆರಿಕದವು. ಊರಿನ ನಡುಭಾಗ ಸುಟ್ಟು ಬೂದಿಯಾಯಿತು. ನಗರಾಡಳಿತ ನೇಮಿಸಿದ ಇತಿಹಾಸಕಾರರ ಆಯೋಗ 2010ರಲ್ಲಿ ಕೊಟ್ಟ ಲೆಕ್ಕದಂತೆ ಸತ್ತವರು ಹೆಚ್ಚೆಂದರೆ 25,000. ಬಾಂಬಿಗೆ ನಿಂತಿದ್ದ ಗುಮ್ಮಟ ಬೆಂಕಿಯ ಕಾವಿಗೆ ಕಂಬಗಳು ಸೋತು 15ರ ಬೆಳಿಗ್ಗೆ ಕುಸಿಯಿತು. ಪೂರ್ವ ಜರ್ಮನಿಯ ಕಾಲವಿಡೀ ಅದು ಕಲ್ಲುರಾಶಿಯಾಗಿಯೇ ಬಿದ್ದಿತ್ತು.

ಜರ್ಮನಿ ಒಂದಾದ ಮೇಲೆ 1994ರಲ್ಲಿ ಮರುನಿರ್ಮಾಣ ಶುರುವಾಯಿತು. ರಾಶಿಯ ಕಲ್ಲುಗಳನ್ನು ಒಂದೊಂದಾಗಿ ಅಳೆದು, ಸಾಧ್ಯವಾದವನ್ನು ಮೊದಲಿದ್ದ ಜಾಗಕ್ಕೇ ಸೇರಿಸಿದರು. ಇಂದಿನ ಗೋಡೆಯಲ್ಲಿ ಕಪ್ಪಗಿರುವವು ಬಹುಪಾಲು ಆ ಹಳೆಯ ಕಲ್ಲುಗಳೇ. ಗುಮ್ಮಟದ ಶಿಲುಬೆಯನ್ನು ಮಾಡಿದ ಲಂಡನ್ನಿನ ಅಕ್ಕಸಾಲಿ ಆ ದಾಳಿಯಲ್ಲಿದ್ದ ಒಬ್ಬ ಪೈಲಟ್‌ನ ಮಗ. 2005ರ ಅಕ್ಟೋಬರ್ 30ರಂದು ಚರ್ಚು ಮತ್ತೆ ತೆರೆಯಿತು. ಓಕ್ ಮರದ ಬಾಗಿಲುಗಳ ಕೆತ್ತನೆ ಹೇಗಿತ್ತೆಂದು ತಿಳಿಯಲು ಕಟ್ಟುವವರಿಗೆ ನೆರವಾದದ್ದು ಊರಿನವರ ಮನೆಗಳಲ್ಲಿ ಉಳಿದಿದ್ದ ಹಳೆಯ ಮದುವೆ ಫೋಟೋಗಳು. ವಧೂವರರು ಆ ಬಾಗಿಲ ಮುಂದೆಯೇ ನಿಂತು ತೆಗೆಸಿಕೊಂಡಿದ್ದವು.